ನನ್ನ ಕಂಪ್ಯೂಟರಿನಲ್ಲಿದ್ದ ದಾಕ್ಷಾಯಣವ್ವನ ಹಾಳೆಗಳು

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಕಂಪ್ಯೂಟರ್ ಚಾಲು ಮಾಡಿದೆ. ಎಲ್ಲವೂ ಇದ್ದಂತೆಯೇ ಇತ್ತು. ಫೋಲ್ಡರ್‌ಗಳಿದ್ದವು. ಒಳಗೆ ಫೈಲುಗಳಿದ್ದವು. ಆದರೆ ಪ್ರತಿ ಫೈಲಿನ ಹೆಸರಿಗೂ ರಾತ್ರೋರಾತ್ರಿ ಒಂದು ಬಾಲ ಬೆಳೆದಂತೆ ಅರ್ಥವಿಲ್ಲದ ಎಂಟು ಇಂಗ್ಲಿಷ್ ಅಕ್ಷರ ಸೇರಿಕೊಂಡಿದ್ದವು.

ಒಂದನ್ನು ಒತ್ತಿದೆ. ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದೆ. ಹದಿನಾಲ್ಕನೆಯದಕ್ಕೆ ನಿಲ್ಲಿಸಿದೆ.

ಪರದೆಯ ಮೂಲೆಯಲ್ಲಿ ನಾನು ಬರೆಯದ ಒಂದು ಪತ್ರವಿತ್ತು. ನಿಮ್ಮ ಫೈಲುಗಳಿಗೆ ನಾವು ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಹಣ ಕೊಡಿ ಎಂಬುದು ಸಾರಾಂಶ. ಭಾಷೆ ಬಹಳ ವಿನಯದ್ದು. (ನನ್ನ ಸಂಪಾದಕರೂ ನನಗೆ ಇಷ್ಟು ಮರ್ಯಾದೆ ಕೊಟ್ಟು ಬರೆದಿಲ್ಲ.)

ಆಗ ನಾನು ಮಾಡಿದ ಮೊದಲ ಕೆಲಸ ಯಾವುದು? ಇಂಟರ್ನೆಟ್ ಕೇಬಲ್ ಕಿತ್ತೆನೆ? ತಿಳಿದವರನ್ನು ಕೇಳಿದೆನೆ? ಇಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಚನ್ನಪ್ಪನವರ ಹೆಸರು ಕೂಗಿದೆ.

ಚನ್ನಪ್ಪ ನಮ್ಮಿಂದ ಮೂರನೇ ಮನೆಯವರು. ಗದಗಿನಲ್ಲಿ ಕಾಳಿನ ವ್ಯಾಪಾರ. ಹಿಂದಿನ ರವಿವಾರ ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲೆಂದು ಪೆನ್‌ಡ್ರೈವ್ ತಂದು ನನ್ನ ಕಂಪ್ಯೂಟರಿಗೆ ಹಾಕಿದ್ದರು.

"ನಿಮ್ಮ ಪೆನ್‌ಡ್ರೈವ್ ನನ್ನ ಕಂಪ್ಯೂಟರ್ ಹಾಳ ಮಾಡ್ತು ನೋಡ್ರಿ" ಎಂದೆ, ನಾಲ್ಕು ಮನೆಗೆ ಕೇಳುವಂತೆ.

"ಅದರಾಗ ನನ್ನ ಮಗಳ ಲಗ್ನಪತ್ರಿಕಿ ಇತ್ರಿ ಸರ, ಪಿಶಾಚಿ ಇರಲಿಲ್ಲ" ಎಂದರು ಚನ್ನಪ್ಪ. ಕೈಯಲ್ಲಿದ್ದ ಚಹಾದ ಕಪ್ಪನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದರು.

ಬೆಟಗೇರಿಯ ನಮ್ಮ ಓಣಿಯಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲು ಮುಚ್ಚುವುದಿಲ್ಲ. ಮುಚ್ಚಿದರೆ ಇಬ್ಬರಾದರೂ ಬಂದು "ಯಾಕ್ರಿ, ಆರಾಮ ಇಲ್ಲೇನು?" ಎಂದು ವಿಚಾರಿಸುತ್ತಾರೆ. ನಾನು ಕಂಪ್ಯೂಟರಿಗೂ ಅದೇ ನಿಯಮ ಇಟ್ಟಿದ್ದೆ. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಪಡಸಾಲೆಯಲ್ಲಿ ಇರುತ್ತಿತ್ತು. ಆಧಾರ್ ಪ್ರಿಂಟ್ ಬೇಕಾದವರು, ರಿಸಲ್ಟ್ ನೋಡುವವರು, ಎಲ್ಲರೂ ಬಂದು ಕೂಡುತ್ತಿದ್ದರು. ಪಾಸ್‌ವರ್ಡ್ ಇಟ್ಟರೆ ಮನೆಗೆ ಬಂದವರ ಎದುರೇ ಬೀಗ ಹಾಕಿದಂತಲ್ಲವೆ ಎಂಬುದು ನನ್ನ ವಾದ. ಇನ್ನೊಂದು ವಾದವೂ ಇತ್ತು. ಅದನ್ನು ನೀವೂ ಆಡಿರುತ್ತೀರಿ. ನಮ್ಮಂಥವರ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿರುತ್ತದೆ?

ಏನಿತ್ತು ಎಂದು ಹೇಳುತ್ತೇನೆ. ನನ್ನ ಹಳೆಯ ಅಂಕಣಗಳಿದ್ದವು (ಹೋದರೆ ನಾಡಿಗೆ ನಷ್ಟವಿಲ್ಲ). ಒಂದಿಷ್ಟು ಫೋಟೋಗಳಿದ್ದವು. ಮತ್ತೆ ದಾಕ್ಷಾಯಣವ್ವನ ನೂರಾ ಎಂಬತ್ತಾರು ಹಾಳೆಗಳಿದ್ದವು.

ದಾಕ್ಷಾಯಣವ್ವ ಹಿಂದಿನ ಓಣಿಯ ನೇಕಾರರು. ಮನೆಯಲ್ಲಿ ಎರಡು ಕೈಮಗ್ಗ. ತವರು ಡಂಬಳ. ಅವರ ತಂದೆ ಸೀರೆಯ ಅಂಚಿನ ನಕ್ಷೆ ಬರೆಯುತ್ತಿದ್ದವರು. ಗ್ರಾಫ್ ಹಾಳೆಯ ಮೇಲೆ ಒಂದು ಎಳೆಗೆ ಒಂದು ಚೌಕ, ಕೆಂಪು ನೀಲಿ ಪೆನ್ಸಿಲ್. ಪ್ರತಿ ಅಂಚಿಗೂ ಅವರೇ ಇಟ್ಟ ಹೆಸರು: ಗೋಧಿ ತೆನೆ, ಇರುವೆ ಸಾಲು, ಬಾಚಣಿಕೆ ಹಲ್ಲು. ಅವರು ತೀರಿಕೊಂಡ ಮೇಲೆ ಹಾಳೆಗಳು ಮಗಳಿಗೆ ಬಂದವು. ಹಳದಿಯಾಗಿ, ಮಡಿಕೆಗಳಲ್ಲಿ ಹರಿದು, ಮುಟ್ಟಿದರೆ ಪುಡಿಯಾಗುವಂತಿದ್ದವು.

ಹೋದ ವರ್ಷ ನಾನೇ ಮುಂದಾಗಿ, ಸ್ಕ್ಯಾನ್ ಮಾಡಿ ಇಡೋಣ ಎಂದೆ. ದಿನಕ್ಕೆ ಹತ್ತು ಹಾಳೆಯಂತೆ ಹತ್ತೊಂಬತ್ತು ದಿನ ಹಿಡಿಯಿತು. ಕೊನೆಯ ದಿನ ನಾನು ಆಡಿದ ಮಾತು ಅಕ್ಷರಶಃ ನೆನಪಿದೆ. "ಇನ್ನ ಚಿಂತಿಲ್ಲ ಬಿಡವ್ವಾ. ಈ ಹಾಳಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ."

ಅವರು ನನ್ನ ಮಾತು ನಂಬಿದರು.

ನಮ್ಮ ಕಡೆ ಹರಿದ ದೇವರ ಪಟ, ಜೀರ್ಣವಾದ ಪುಸ್ತಕ ಇಂಥವನ್ನು ಕಸದ ಗಾಡಿಗೆ ಹಾಕುವುದಿಲ್ಲ. ನೀರಿಗೆ ಬಿಡುತ್ತಾರೆ. ಶ್ರಾವಣ ಮುಗಿದ ಮೇಲೆ ತವರಿಗೆ ಹೋದಾಗ ದಾಕ್ಷಾಯಣವ್ವ ತಂದೆಯ ಹಾಳೆಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ಅರಿಷಿಣ ಕುಂಕುಮ ಏರಿಸಿ, ಡಂಬಳದ ಕೆರೆಗೆ ಬಿಟ್ಟು ಕೈ ಮುಗಿದು ಬಂದರು. ಬಂದವರು ನನಗೇ ಹೇಳಿದರು.

"ಒಳ್ಳೇದಾತು" ಎಂದೆ ನಾನು.

ಈಗ ನೇಕಾರರ ಸೊಸೈಟಿಯೊಂದು ಹಳೆಯ ಅಂಚುಗಳನ್ನು ಮತ್ತೆ ಮಗ್ಗಕ್ಕೆ ಏರಿಸಬೇಕೆಂದಿದೆ. ಹನ್ನೆರಡು ನಕ್ಷೆ ತಂದು ತೋರಿಸಿದರೆ ದಾಕ್ಷಾಯಣವ್ವನ ಎರಡೂ ಮಗ್ಗಕ್ಕೆ ವರ್ಷವಿಡೀ ಕೆಲಸ. ಇಲ್ಲವಾದರೆ ಅವರು ಒಂದು ಮಗ್ಗ ಬಿಚ್ಚಬೇಕಾಗುತ್ತದೆ. ಸೊಸೈಟಿಯ ಸಭೆಗೆ ಐದು ವಾರ ಉಳಿದಿತ್ತು. ಆ ಶನಿವಾರ ನಾನು ಕಂಪ್ಯೂಟರ್ ಚಾಲು ಮಾಡಿದ್ದೇ ಆ ಹನ್ನೆರಡನ್ನು ಪ್ರಿಂಟ್ ತೆಗೆದು ಕೊಡಲು.

ಸೋಮವಾರ ಕಂಪ್ಯೂಟರನ್ನು ಚಾದರಿನಲ್ಲಿ ಸುತ್ತಿ, ಆಟೋದಲ್ಲಿ ಇಟ್ಟುಕೊಂಡು ಗದಗಿಗೆ ಒಯ್ದೆ. ರಿಪೇರಿ ಅಂಗಡಿಯ ಇಮ್ತಿಯಾಜ್ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ಮನುಷ್ಯ. ಹೆಚ್ಚು ಮಾತಿಲ್ಲ. ಚನ್ನಪ್ಪನವರ ಅಂಗಡಿಗೆ ಫೋನ್ ಮಾಡಿ ಪೆನ್‌ಡ್ರೈವನ್ನೂ ತರಿಸಿಕೊಂಡರು. ಎರಡು ತಾಸು ನೋಡಿದರು.

"ಪೆನ್‌ಡ್ರೈವ್ ಸ್ವಚ್ಛ ಐತ್ರಿ" ಎಂದರು. "ಬೀಗ ಬಿದ್ದದ್ದು ಶುಕ್ರವಾರ ಸಂಜಿಮುಂದ, ನಾಕ ಇಪ್ಪತ್ತರಿಂದ. ಅದು ಬಿಡ್ರಿ. ಆಂಟಿವೈರಸ್ ಯಾಕ ಬಂದ್ ಮಾಡೀರಿ?"

"ನಾ ಯಾಕ ಬಂದ್ ಮಾಡ್ಲಿ?"

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೂರು ವಾರದ ಹಿಂದಿನ ಮಂಗಳವಾರ, ಮಧ್ಯಾಹ್ನ. ಆಗ ನೆನಪಾಯಿತು. ದಾಕ್ಷಾಯಣವ್ವನ ಹಾಳೆಗಳ ಮೇಲಿನ ಕಲೆ ತೆಗೆಯಲೆಂದು ಫೋಟೋ ತಿದ್ದುವ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡಿದ್ದೆ. ಕೊಂಡು ಬಳಸಬೇಕಾದದ್ದು, ಯಾರೋ ಫುಕ್ಕಟೆ ಹಂಚುತ್ತಿದ್ದರು. ಅದರ ಜೊತೆ ಒಂದು ಸೂಚನೆ ಇತ್ತು. ಮೊದಲು ಆಂಟಿವೈರಸ್ ನಿಲ್ಲಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ ಎಂದು. ನಿಲ್ಲಿಸಿದೆ. ಇನ್‌ಸ್ಟಾಲ್ ಮಾಡಿದೆ. ಮತ್ತೆ ಚಾಲು ಮಾಡಲಿಲ್ಲ. ಅಪ್‌ಡೇಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ 'ಆಮೇಲೆ' ಎಂದು ಒತ್ತಿದ್ದೂ ಅಲ್ಲೇ ಕಾಣುತ್ತಿತ್ತು. ಸಾಲಾಗಿ.

"ಕಾವಲಿದ್ದವನ್ನ ನೀವ ಮನಿಗೆ ಕಳಿಸೀರಿ, ಕಳ್ಳನ್ನ ನೀವ ಕರದು ಕುಂಡ್ರಿಸೀರಿ" ಎಂದರು ಇಮ್ತಿಯಾಜ್. "ಚಹಾ ಒಂದು ಕೊಟ್ಟಿಲ್ಲ ಅಷ್ಟ."

"ಬ್ಯಾಕಪ್ ಡಿಸ್ಕ್ ಐತಲ್ರಿ."

"ಅದನ್ನ ಒಂದಿನಾರ ಬಿಚ್ಚಿ ಕಪಾಟಿನ್ಯಾಗ ಇಟ್ಟೀರೇನು?"

ಇಟ್ಟಿರಲಿಲ್ಲ. ಕೊಂಡ ದಿನದಿಂದ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು. ಅದರೊಳಗಿನ ಪ್ರತಿಗಳಿಗೂ ಬೀಗ ಬಿದ್ದಿತ್ತು.

"ಅವರು ಕೇಳಿದಷ್ಟು ಕೊಟ್ರ?"

"ಕೊಡಬ್ಯಾಡ್ರಿ. ಕೊಟ್ಟು ಕೀಲಿ ಸಿಗದವರನ್ನ ನಾ ನೋಡೀನಿ. ಪೊಲೀಸರಿಗೆ ಒಂದು ತಕರಾರು ಕೊಡ್ರಿ. ಡಿಸ್ಕ್ ಹಂಗ ಇಟ್ಟಿರ್ರಿ. ಮುಂದ ಎಂದಾರ ಕೀಲಿ ಸಿಕ್ಕೀತು." ವೈರು ಸುತ್ತುತ್ತ ಹೇಳಿದರು. "ಸಿಗದೇನೂ ಇರಬಹುದು."

ಅಂದೇ ಸಂಜೆ ದಾಕ್ಷಾಯಣವ್ವನ ಮನೆಗೆ ಹೋದೆ. ಅವರು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದರು. ಇದ್ದದ್ದು ಇದ್ದಂತೆ ಹೇಳಿದೆ. ಆಂಟಿವೈರಸ್ ನಿಲ್ಲಿಸಿದವನು ನಾನೇ ಎಂಬುದನ್ನೂ ಹೇಳಿದೆ. ಲಾಳಿ ನಿಂತಿತು.

"ಅಳಿಸಿ ಹೋದ್ವೇನ್ರಿ?"

"ಇಲ್ಲವ್ವಾ. ಅಲ್ಲೇ ಅದಾವು. ತೆರಿಯಾಕ ಬರಂಗಿಲ್ಲ."

"ಅಂದ್ರ ಕೆರ್‍ಯಾಗ ಇದ್ದಂಗ" ಎಂದರು. ಹಂಗಿಸಲು ಹೇಳಿದ್ದಲ್ಲ. ಅರ್ಥ ಮಾಡಿಕೊಳ್ಳಲು ಹೇಳಿದ್ದು.

ಆಮೇಲೆ ಇನ್ನೊಂದು ಮಾತು ಹೇಳಿದರು. "ನನಗ ಕಂಪ್ಯೂಟರ್ ಏನ್ ತಿಳೀತೈತ್ರಿ ಸರ? ನಾ ನಿಮ್ಮ ಕಡೆ ಕೊಟ್ಟೀನಿ ಅಂತ ತಿಳಕೊಂಡಿದ್ದೆ."



ದಾರಿ ಹುಡುಕಿದವರೂ ಅವರೇ. ತಂದೆಯ ಅಂಚಿನ ಸೀರೆಗಳು ಈ ಸೀಮೆಯ ಟ್ರಂಕುಗಳಲ್ಲಿ ಇರಲೇಬೇಕು. ಸೀರೆ ಸಿಕ್ಕರೆ ಎಳೆ ಎಣಿಸಿ ನಕ್ಷೆ ಬರೆಯಬಹುದು. ಯಾರಿಗೋ ತೋರಿಸಲೆಂದು ಎಂದೋ ತೆಗೆದ ನಾಲ್ಕು ಹಾಳೆಗಳ ಫೋಟೋ ನನ್ನ ಫೋನಿನಲ್ಲಿತ್ತು. ಉಳಿದ ಎಂಟಕ್ಕೆ ಇಬ್ಬರೂ ಬಸ್ ಹತ್ತಿದೆವು.

ಲಕ್ಷ್ಮೇಶ್ವರದಲ್ಲಿ ಎರಡು ಮನೆಯಲ್ಲಿ ಸೀರೆ ಸಿಕ್ಕವು. ದಾಕ್ಷಾಯಣವ್ವ ಭೂತಗನ್ನಡಿ ಹಿಡಿದು ಎಳೆ ಎಣಿಸುತ್ತಾರೆ, "ಕೆಂಪು ಮೂರು, ಬಿಳಿ ಒಂದು, ಕೆಂಪು ಎರಡು" ಎನ್ನುತ್ತಾರೆ, ನಾನು ಚೌಕ ತುಂಬುತ್ತೇನೆ. ಒಂದು ಅಂಚಿಗೆ ಎರಡೂವರೆ ತಾಸು. ಶಿರಹಟ್ಟಿಯಲ್ಲಿ ಸಿಕ್ಕ ಸೀರೆ ಕೌದಿಯಾಗಿತ್ತು. ಅರ್ಧ ಅಂಚು ಹೊಲಿಗೆಯೊಳಗೆ ಹೋಗಿತ್ತು. ಮನೆಯವರು ಬಿಚ್ಚಿ ಕೊಡುತ್ತೇವೆ ಎಂದರು. ದಾಕ್ಷಾಯಣವ್ವ ಬೇಡ ಎಂದು, ಉಳಿದರ್ಧವನ್ನು ನೆನಪಿನಿಂದ ಹೇಳಿದರು. ಒಂದು ಕಡೆ ತಪ್ಪಿದೆ ಎಂದು ಅವರಿಗೆ ಈಗಲೂ ಅನುಮಾನ.

ಈವರೆಗೆ ಒಂಬತ್ತಾಗಿವೆ. ಸಭೆಗೆ ಹತ್ತು ದಿನ ಇದೆ. ಮೂರು ಸಿಗಬಹುದು, ಸಿಗದಿರಬಹುದು. ಸಿಕ್ಕರೂ ಹನ್ನೆರಡು. ಮೊದಲಿದ್ದದ್ದು ನೂರಾ ಎಂಬತ್ತಾರು. ಉಳಿದವುಗಳಲ್ಲಿ ಎಷ್ಟೋ ಅಂಚುಗಳ ಹೆಸರು ದಾಕ್ಷಾಯಣವ್ವನಿಗೂ ನೆನಪಿಲ್ಲ.

ನಡುವೆ ಚನ್ನಪ್ಪನವರ ಮನೆಗೂ ಹೋಗಿದ್ದೆ. ತಪ್ಪಾಯಿತು ಎಂದೆ. ಅವರು ಲಗ್ನಪತ್ರಿಕೆಗೆ ಅರಿಷಿಣ ಹಚ್ಚುತ್ತ ಕೂತಿದ್ದರು. ನನಗೂ ಒಂದು ಕೊಟ್ಟರು. "ಬೈಯೂದು ಕಟ್ಟಿ ಮ್ಯಾಲೆ, ಮಾಫಿ ಪಡಸಾಲ್ಯಾಗ. ಚಲೋ ಐತ್ರಿ ಸರ ನಿಮ್ಮ ಲೆಕ್ಕ" ಎಂದು ನಕ್ಕರು. ನಗು ಪೂರ್ತಿ ನಗುವಾಗಿರಲಿಲ್ಲ.

ಈಗ ನನ್ನ ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆ. ಓಣಿಯವರಿಗೆ ಬೇರೆ ಖಾತೆ ಮಾಡಿದ್ದೇನೆ. ಅವರು ಅವರ ಕೆಲಸ ಮಾಡಿಕೊಂಡು ಹೋಗುತ್ತಾರೆ, ಯಾರೂ ಏನೂ ಅಂದಿಲ್ಲ. ಶನಿವಾರಕ್ಕೊಮ್ಮೆ ಅಪ್‌ಡೇಟ್, ಬ್ಯಾಕಪ್. ಬ್ಯಾಕಪ್ ಆದ ತಕ್ಷಣ ಡಿಸ್ಕ್ ಬಿಚ್ಚಿ ಕಪಾಟಿನಲ್ಲಿ ಇಡುತ್ತೇನೆ. ಫುಕ್ಕಟೆ ಸಾಫ್ಟ್‌ವೇರ್ ತೆಗೆದು ಹಾಕಿದ್ದೇನೆ. ಎಲ್ಲ ಸೇರಿ ವಾರಕ್ಕೆ ಇಪ್ಪತ್ತು ನಿಮಿಷದ ಕೆಲಸ. ಹೇಳಲು ನಾಚಿಕೆಯಾಗುವಷ್ಟು ಸಣ್ಣ ಕೆಲಸ. ಇದನ್ನು ಯಾರೋ ಕಂಪನಿಯವರು, ಯಾರೋ ಇಂಜಿನಿಯರು, ಯಾರೋ ಸರಕಾರದವರು ಮಾಡಿರುತ್ತಾರೆ ಎಂದುಕೊಂಡಿದ್ದೆ. ನನ್ನ ಪಡಸಾಲೆಯ ಯಂತ್ರಕ್ಕೆ ಅವರೇಕೆ ಬರುತ್ತಾರೆ?

ಕಳೆದ ರವಿವಾರ ಮುಂಡರಗಿಯಲ್ಲಿ ಇದ್ದೆವು. ಗಂಗಮ್ಮ ಎಂಬ ಹಿರಿಯ ಹೆಂಗಸು ತಮ್ಮ ಮದುವೆಯ ಸೀರೆಯನ್ನು ಟ್ರಂಕಿನಿಂದ ತೆಗೆದು ಚಾಪೆಯ ಮೇಲೆ ಹಾಸಿದರು. ಎಣಿಕೆ ನಡೆದಿತ್ತು. ಅವರು ನಮ್ಮಿಬ್ಬರನ್ನೂ ನೋಡುತ್ತ ಕೇಳಿದರು.

"ಅಷ್ಟೊಂದು ಹಾಳಿ ಹೆಂಗ ಕಳಕೊಂಡ್ರವ್ವಾ?"

ದಾಕ್ಷಾಯಣವ್ವ ಭೂತಗನ್ನಡಿಯಿಂದ ಕಣ್ಣೆತ್ತಲಿಲ್ಲ. "ಕಂಪ್ಯೂಟರಿಗೆ ಏನೋ ರೋಗ ಬಂತಂತ್ರಿ" ಎಂದರು.

"ಅಯ್ಯ, ಹಂಗಾರ ಯಾರದೂ ತಪ್ಪಲ್ಲ ಬಿಡ್ರಿ."

ನಾನು ಎಪ್ಪತ್ತೆರಡನೇ ಚೌಕಕ್ಕೆ ಕೆಂಪು ತುಂಬಿ ಮುಂದಿನದಕ್ಕೆ ಹೋದೆ.

ಗಂಗಮ್ಮನವರ ಆ ಮಾತನ್ನು ಅಲ್ಲಿ ತಿದ್ದಲು ನನಗೆ ಬಾಯಿ ಬರಲಿಲ್ಲ; ಇಲ್ಲಿ, ಈ ಅಂಕಣದಲ್ಲಿ, ತಿದ್ದುತ್ತಿದ್ದೇನೆ.