ನಾಲ್ಕನೇ ಚೌಕದಲ್ಲಿ ಕಂಡ ಹಸಿರು

ಎರಡು ವರ್ಷದ ಹಿಂದೆ, ಸಂಕ್ರಾಂತಿಯ ಮರುದಿನ ಸಂಜೆ, ನ್ಯೂ ಜೆರ್ಸಿಯ ಉತ್ತರದ ಗುಡ್ಡಗಳಲ್ಲಿರುವ ಒಂದು ರೆಸಾರ್ಟಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಹಿಮ ಬೀಳುವ ಹೊತ್ತಿನಲ್ಲಿ ಕಾಣೆಯಾದರು. ಪೂರ್ತಿ ಕತ್ತಲಾಗುವ ಮೊದಲು ಜೀವಂತವಾಗಿ ಸಿಕ್ಕರು. ಇಷ್ಟು ರೆಸಾರ್ಟಿನ ಪ್ರಕಟಣೆಯಲ್ಲೂ ಇದೆ. ಹೇಗೆ ಸಿಕ್ಕರು ಎನ್ನುವುದು ಇಲ್ಲ. ಆ ಪ್ರಕಟಣೆ ಬರೆದವನು ನಾನು.

ಇಂಥ ವಿಷಯಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈ ದೇಶಕ್ಕೆ ಬರುವ ಮೊದಲು ಬೆಂಗಳೂರಿನ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಬಹಳ ವರ್ಷ ಇದ್ದೆ. ಜಿಲ್ಲೆಗಳಿಂದ ಆಗಾಗ ಇಂಥ ಸುದ್ದಿಗಳು ಬರುತ್ತಿದ್ದವು: ವಿಗ್ರಹ ಕಣ್ಣು ಬಿಟ್ಟಿತು, ಸತ್ತವರು ಬಾವಿಕಟ್ಟೆಯ ಮೇಲೆ ಕೂತಿದ್ದರು. ವರದಿಗಾರನಿಗೆ ಫೋನ್ ಮಾಡಿ, ಯಾರು ನೋಡಿದ್ದು, ನೀನು ನೋಡಿದೆಯಾ, ಬೇರೆ ಇನ್ನೊಬ್ಬರು ಯಾರು ಹೇಳುತ್ತಾರೆ ಎಂದು ಕೇಳುತ್ತಿದ್ದೆ. ಅಷ್ಟಕ್ಕೇ ಸುದ್ದಿ ಸತ್ತುಹೋಗುತ್ತಿತ್ತು. ಅದರ ಬಗ್ಗೆ ನನಗೆ ಎಂದೂ ಬೇಸರವಾದದ್ದಿಲ್ಲ.

ಆ ರೆಸಾರ್ಟಿನಲ್ಲಿ ಚಳಿಗಾಲಕ್ಕೆ ಸ್ಕೀಯಿಂಗ್, ಬೇಸಿಗೆಗೆ ಗಾಲ್ಫ್. ನನ್ನದು ಅಲ್ಲಿ ಮಾಧ್ಯಮಗಳಿಗೆ ಮಾಹಿತಿ ಕೊಡುವ ಕೆಲಸ. ಗುಡ್ಡದ ಮೇಲೆ ಎಷ್ಟು ಹಿಮ ಕೂತಿದೆ, ಯಾವ ಇಳಿಜಾರು ತೆರೆದಿದೆ, ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಓಡುತ್ತಿದೆಯೇ ಎಂದು ದಿನವೂ ಬರೆದು, ಜೊತೆಗೊಂದು ಫೋಟೋ ಇಟ್ಟು ಟಿವಿ, ಪತ್ರಿಕೆಗಳಿಗೆ ಕಳಿಸಬೇಕು. ಲಾಬಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದೆ. ನನ್ನ ಸ್ಕ್ರೀನಿನಲ್ಲಿ ನಾಲ್ಕು ಕ್ಯಾಮೆರಾಗಳ ನಾಲ್ಕು ಚೌಕ. ಮೂರರಲ್ಲಿ ಗುಡ್ಡದ ತುದಿ, ಇಳಿಜಾರು, ಲಿಫ್ಟಿನ ಬುಡ. ನಾಲ್ಕನೆಯದು ಗಾಲ್ಫ್ ಮೈದಾನದ ಕ್ಯಾಮೆರಾದ್ದು. ಚಳಿ ಶುರುವಾಗುವ ಮೊದಲೇ ಆ ಕ್ಯಾಮೆರಾ ಬಿಚ್ಚಿ ಒಳಗಿಡುತ್ತಾರೆ. ವಸಂತದವರೆಗೂ ಆ ಚೌಕ ಕಪ್ಪು.

ಆ ಲಾಂಗ್ ವೀಕೆಂಡಿಗೆ ಎಡಿಸನ್, ಫೋರ್ಟ್ ಲೀ ಕಡೆಯಿಂದ ನಾಲ್ಕಾರು ಕನ್ನಡ ಕುಟುಂಬಗಳು ಬಂದಿದ್ದವು. ಧಾರವಾಡದ ಗಿರಿಜಮ್ಮನವರು ಮಗಳು ಸುಮಾಳ ಜೊತೆ ಬಂದಿದ್ದರು. ಸುಮಾ ಇಲ್ಲೇ ಡಾಕ್ಟರು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕನ್ನಡ ಕಿವಿಗೆ ಬಿದ್ದು ನಾನೇ ಹೋಗಿ ಮಾತಾಡಿಸಿದೆ.

"ಇಲ್ಲೆ ಏನ್ ಕೆಲಸ ಮಾಡ್ತೀರಿ?" ಎಂದು ಗಿರಿಜಮ್ಮ ಕೇಳಿದರು.

"ಎಷ್ಟು ಹಿಮ ಬಿತ್ತು ಅಂತ ಪೇಪರಿನವರಿಗೆ ತಿಳಿಸ್ತೀನಿ."

"ಅದಕ್ಕೂ ಪಗಾರ ಕೊಡ್ತಾರೇನ್ರಿ? ಕಿಡಕಿ ತಗದ್ರ ಕಾಣ್ತದಲ್ಲ."

ಪರ್ಸಿನಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಅಂಗೈಗೆ ಕುಸುರೆಳ್ಳು ಹಾಕಿದರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ್ಹಂಗ ಇರೋಣು. ಖರೇ ಅಂದ್ರ ಸಣ್ಣವರು ದೊಡ್ಡವರಿಗೆ ಕೊಡಬೇಕ್ರಿ. ನಿಮ್ಮ ಹತ್ರ ಎಲ್ಲಿಂದ ಬರಬೇಕು, ಇರ್ಲಿ."

ಗಾಲ್ಫ್ ಮೈದಾನದ ಆಚೆ ಬದಿಯ ವಿಲ್ಲಾಗಳಲ್ಲಿ ಮೈಸೂರಿನ ಲಲಿತಮ್ಮ ಎಂಬವರು ಮಗನ ಜೊತೆ ಇಳಿದಿದ್ದರು. ಗಿರಿಜಮ್ಮನವರಿಗಿಂತ ಸುಮಾರು ಹತ್ತು ವರ್ಷ ದೊಡ್ಡವರು. ಅವರು ಹೇಗೂ ರಾತ್ರಿ ಊಟಕ್ಕೆ ಇಲ್ಲಿಗೇ ಬರುತ್ತಾರೆ, ಆಗ ಕೊಟ್ಟರಾಯಿತು ಎಂದಳು ಸುಮಾ. "ದೊಡ್ಡವರನ್ನ ನಮ್ಮಲ್ಲಿಗೆ ಕರಸಿ ಎಳ್ಳು ಕೊಡೋದು ಎಲ್ಲೀ ಪದ್ಧತಿವಾ?" ಎಂದರು ತಾಯಿ. ಮಗಳು ನಕ್ಕಳು.

ಮಧ್ಯಾಹ್ನದ ಮೇಲೆ ಹಿಮ ಜೋರಾಯಿತು. ಸುಮಾ ಮಕ್ಕಳೊಂದಿಗೆ ಇಳಿಜಾರಿನಿಂದ ಹಿಂದಿರುಗಿದಾಗ ಕೋಣೆಯಲ್ಲಿ ತಾಯಿ ಇರಲಿಲ್ಲ, ಎಳ್ಳಿನ ಡಬ್ಬಿಯೂ ಇರಲಿಲ್ಲ. ವಿಲ್ಲಾಕ್ಕೆ ಫೋನ್ ಮಾಡಿದರೆ ಅಲ್ಲಿಗೂ ಬಂದಿಲ್ಲ. ಗಿರಿಜಮ್ಮ ವಿಲ್ಲಾಗಳಿಗೆ ಹೋಗುವ ಶಟಲ್ ಬಸ್ಸಿನ ಬಗ್ಗೆ ವಿಚಾರಿಸಿದ್ದರು ಎಂದು ರಿಸೆಪ್ಷನ್ನಿನ ಹುಡುಗಿ ಹೇಳಿದಳು. ಶಾಲು ಹೊದ್ದ ಹೆಂಗಸೊಬ್ಬಳು ರಸ್ತೆ ಹಿಡಿದು ಹೋದದ್ದನ್ನು ಪಾರ್ಕಿಂಗಿನವನು ಕಂಡಿದ್ದ. ಗುಡ್ಡದ ಮೇಲಿನ ರಕ್ಷಣಾ ತಂಡವಾದ ಸ್ಕೀ ಪಟ್ರೋಲಿನ ಮುಖ್ಯಸ್ಥ ಪ್ಯಾಟ್ ತನ್ನವರನ್ನು ರಸ್ತೆಯ ಉದ್ದಕ್ಕೂ ಕಳಿಸಿದ. ಇಂಥ ಚಳಿಯಲ್ಲಿ ಆ ವಯಸ್ಸಿನವರಿಗೆ ಹೆಚ್ಚು ಹೊತ್ತು ಉಳಿದಿಲ್ಲ ಎಂದು ಅವನು ನನಗೆ ಮಾತ್ರ ಕೇಳಿಸುವಂತೆ ಹೇಳಿ, ಒಂದು ಪ್ರಕಟಣೆ ಸಿದ್ಧವಿಟ್ಟುಕೋ ಎಂದ.

ನಾನು ಕೋಣೆಗೆ ಬಂದು ಕೂತೆ. ಮೂರೂ ಚೌಕಗಳಲ್ಲಿ ಬರೀ ಬಿಳಿ ಅಲುಗಾಡುತ್ತಿತ್ತು. ನಾಲ್ಕನೆಯದರಲ್ಲಿ ಹಸಿರಿತ್ತು.

ನೋಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಗಾಲ್ಫ್ ಮೈದಾನ. ಆಗತಾನೇ ಕತ್ತರಿಸಿದಂತೆ ಕಾಣುವ ಹುಲ್ಲು, ಅದರ ಮೇಲೆ ಜೂನ್ ತಿಂಗಳ ಇಳಿಬಿಸಿಲಿನಂಥ ಬೆಳಕು. ಗಾಳಿ ಬಂದಾಗ ಹುಲ್ಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಬಣ್ಣ ಬದಲಿಸುತ್ತಿತ್ತು, ರೇಷ್ಮೆಯ ಮೇಲೆ ಕೈಯಾಡಿಸಿದ ಹಾಗೆ. ಹಿಂದೆ ಕೊಳದ ನೀರು ಮಿನುಗುತ್ತಿತ್ತು. ಚೆಂಡು ಬೀಳಿಸುವ ಕುಳಿಯಲ್ಲಿ, ಅಂದರೆ ಹೋಲಿನಲ್ಲಿ, ನೆಟ್ಟ ಬಾವುಟದ ಕೋಲು, ಕೋಲಿನ ಪಕ್ಕ ಶಾಲು ಹೊದ್ದ ಗಿರಿಜಮ್ಮ. ಕೈಯಲ್ಲಿ ಡಬ್ಬಿ. ಅವರಲ್ಲಿ ಗಾಬರಿ ಕಾಣಲಿಲ್ಲ. ಮನೆಯ ಮುಂದೆ ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ಸದ್ದಿಲ್ಲದ ಆ ಚಿತ್ರವನ್ನು ನೋಡುತ್ತಾ ನನಗೂ ಒಂದು ಕ್ಷಣ ಏನೂ ಅವಸರವಿಲ್ಲ ಅನ್ನಿಸಿತು. ಕೋಣೆ ಬೆಚ್ಚಗಿತ್ತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು.

ಅಭ್ಯಾಸಬಲದಿಂದ ಮೊದಲು ಚಿತ್ರದ ಒಂದು ಪ್ರತಿ ತೆಗೆದೆ. ಕಣ್ಣೆತ್ತಿದಾಗ ಚೌಕ ಎಂದಿನಂತೆ ಕಪ್ಪಾಗಿತ್ತು. ತೆಗೆದ ಪ್ರತಿಯೂ ಕಪ್ಪೇ.

ನನ್ನ ಹತ್ತಿರ ಆಗ ಆಧಾರ ಏನೂ ಇರಲಿಲ್ಲ. ಅತ್ತ ರಸ್ತೆಯಲ್ಲಿ ಕಣ್ಣಾರೆ ಕಂಡ ಒಬ್ಬ ಸಾಕ್ಷಿ, ಇತ್ತ ಇಲ್ಲದ ಕ್ಯಾಮೆರಾದ ಚಿತ್ರ. ಹುಡುಕುವವರನ್ನು ನಾನು ಅಲ್ಲಿಂದ ಎಳೆದು, ಗಿರಿಜಮ್ಮ ರಸ್ತೆಯಲ್ಲೇ ಬಿದ್ದಿದ್ದರೆ? ಇದೇ ಸುದ್ದಿ ನನ್ನ ಮೇಜಿಗೆ ಬಂದಿದ್ದರೆ ಹರಿದು ಹಾಕುತ್ತಿದ್ದೆ. ಆದರೂ ವಾಕಿಟಾಕಿ ಎತ್ತಿಕೊಂಡು, ಗಾಲ್ಫ್ ಮೈದಾನದಲ್ಲಿ ಕೊಳದ ಪಕ್ಕದ ಹೋಲಿನ ಹತ್ತಿರ ಇದ್ದಾರೆ ಎಂದೆ.

"ನೋಡಿದವರು ಯಾರು?" ಎಂದ ಪ್ಯಾಟ್.

"ನಾನು. ಕ್ಯಾಮೆರಾದಲ್ಲಿ."

ಯಾವ ಕ್ಯಾಮೆರಾ ಎಂದು ಅವನು ಕೇಳಲಿಲ್ಲ.

ಸ್ನೋಮೊಬೈಲಿನಲ್ಲಿ ಅವನೇ ಹೋದ. ಗಿರಿಜಮ್ಮ ಅಲ್ಲೇ ನಿಂತಿದ್ದರು. ಮೊಣಕಾಲುದ್ದ ಹಿಮ, ಸುತ್ತ ಕೈ ಚಾಚಿದರೆ ಕೈ ಕಾಣದಷ್ಟು ಬಿಳಿ. ತಮ್ಮ ಕೋಣೆಯ ಕಿಟಕಿಯಿಂದ ಅವರಿಗೆ ವಿಲ್ಲಾಗಳ ದೀಪಗಳು ನೇರ ಎದುರಿಗೆ ಕಂಡಿದ್ದವು. ಬಸ್ಸು ಸುತ್ತಿಕೊಂಡು ಹೋಗುತ್ತದೆ, ಇದು ಬಯಲು, ಅಡ್ಡ ಹಾದರೆ ಹತ್ತಿರ ಎಂದುಕೊಂಡು ಹೊರಟಿದ್ದರು. ರಸ್ತೆಯಲ್ಲಿ ಹೋದವಳು ಬೇರೆ ಯಾರೋ. ಗಿರಿಜಮ್ಮ ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಕೊಳದ ಮೇಲಿರುತ್ತಿದ್ದರು. ಇಳಿಜಾರುಗಳಿಗೆ ಕೃತಕ ಹಿಮ ಮಾಡಲು ಆ ಕೊಳದಿಂದಲೇ ನೀರೆಳೆಯುತ್ತಾರೆ. ಮೇಲೆ ತೆಳು ಮಂಜುಗಡ್ಡೆ, ಅದರಡಿ ಟೊಳ್ಳು. ನಾನು ಕೇಳಿದ್ದಕ್ಕೆ, ಅಲ್ಲಿ ಬಾವುಟ ಇರಲಿಲ್ಲ ಎಂದ ಪ್ಯಾಟ್. ಚಳಿಗಾಲದಲ್ಲಿ ಎಲ್ಲ ಬಾವುಟಗಳನ್ನೂ ಕಿತ್ತಿಟ್ಟಿರುತ್ತಾರೆ.

ಲಾಬಿಗೆ ಕರೆತಂದು ಕಂಬಳಿ ಸುತ್ತಿದಾಗ ಗಿರಿಜಮ್ಮ ಮೊದಲು ಮಾಡಿದ್ದು ಪ್ಯಾಟ್‌ಗೆ ಎಳ್ಳು ಕೊಟ್ಟದ್ದು. ತುಟಿ ನಡುಗುತ್ತಿತ್ತು. "ತಗೋಪಾ. ತಿನ್ನು. ಇನ್ನ ಚಲೋ ಮಾತಾಡು." ಅವನು ಕೈಗವಸು ಕಳಚಿ, ಎರಡೂ ಕೈಯಲ್ಲಿ ಇಸಿದುಕೊಂಡು ತಿಂದ.

ಲಲಿತಮ್ಮ ಮಗನ ತೋಳು ಹಿಡಿದುಕೊಂಡು ಬಂದರು. "ಎರಡು ಕಾಳು ಎಳ್ಳಿಗೆ ಪ್ರಾಣ ಕೊಡೋಕೆ ಹೊರಟಿದ್ರಲ್ಲ ಗಿರಿಜಮ್ಮ. ನಾನೇ ಬರ್ತಿದ್ನಲ್ಲ."

"ನೀವು ದೊಡ್ಡವರು. ನೀವು ಹ್ಯಾಂಗ ಬರ್ತೀರಿ?"

"ಈಗ ಬಂದೆನಲ್ಲ, ಅದೂ ಅಳ್ತಾ," ಎಂದು ಲಲಿತಮ್ಮ ಪಕ್ಕದಲ್ಲಿ ಕೂತು ಅವರ ಕೈ ತಿಕ್ಕತೊಡಗಿದರು. ಸುಮಾ ತಾಯಿಯ ಬೂಟು ಬಿಚ್ಚುತ್ತಿದ್ದಳು.

ಅಲ್ಲೇಕೆ ನಿಂತಿರಿ ಎಂದು ಗಿರಿಜಮ್ಮನನ್ನು ಒಮ್ಮೆ ಕೇಳಿದೆ. "ನಿಲ್ಲಬೇಕನಿಸ್ತು, ನಿಂತೆ," ಎಂದರು. ನಾನು ಕಂಡದ್ದನ್ನು ಹೇಳಲಿಲ್ಲ. ಸಾಕ್ಷಿಯ ಬಾಯಿಗೆ ನಮ್ಮ ಮಾತು ತುರುಕಬಾರದು ಎನ್ನುವುದು ಸುದ್ದಿಮನೆಯಲ್ಲಿ ಮೊದಲು ಕಲಿಸುವ ಪಾಠ. ಆಂಬುಲೆನ್ಸ್ ಬಂತು. ಅತಿಥಿಯೊಬ್ಬರು ಸುರಕ್ಷಿತವಾಗಿ ಪತ್ತೆಯಾಗಿದ್ದಾರೆ ಎಂದು ನಾನು ಬರೆದು ಕಳಿಸಿದೆ.

ಮರುದಿನ ಟೆಕ್ನಿಷಿಯನ್ ಜೊತೆ ಉಗ್ರಾಣಕ್ಕೆ ಹೋದೆ. ಗಾಲ್ಫ್ ಮೈದಾನದ ಕ್ಯಾಮೆರಾ ಪ್ಲಾಸ್ಟಿಕ್ ಸುತ್ತಿ ಕಪಾಟಿನ ಮೇಲಿತ್ತು, ಸುತ್ತಿದ ಟೇಪಿನ ಮೇಲೆ ಧೂಳು. ಹಳೆಯ ರೆಕಾರ್ಡಿಂಗ್ ತಾನಾಗಿ ಓಡಿರಬಹುದೇ ಎಂದು ಕೇಳಿದೆ. ಆ ಕ್ಯಾಮೆರಾ ರೆಕಾರ್ಡ್ ಮಾಡುವುದೇ ಇಲ್ಲ ಎಂದ. ಅವತ್ತು ನನ್ನ ತಲೆಯಲ್ಲಿ ಗಿರಿಜಮ್ಮನೇ ತುಂಬಿದ್ದರು, ಬಿಳಿಯನ್ನೇ ನೋಡಿ ದಣಿದ ಕಣ್ಣು ಹಸಿರನ್ನು ಕಲ್ಪಿಸಿಕೊಂಡಿರಬಹುದು. ನನಗೆ ನಾನೇ ಕೊಟ್ಟುಕೊಂಡ ವಿವರಣೆ ಇದು. ಆದರೆ ಆ ಮೈದಾನದ ಅಷ್ಟು ಹೋಲುಗಳಲ್ಲಿ ಕೊಳದ ಪಕ್ಕದ್ದೇ ಏಕೆ ಕಂಡಿತು ಎಂಬುದಕ್ಕೆ ಈ ವಿವರಣೆಯಲ್ಲಿ ಉತ್ತರವಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಈಗ ಮೊದಲ ಸಲ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಕಳೆದ ವಾರ ಸುಮಾ ಮಾಡಿದ ಫೋನ್. ಗಿರಿಜಮ್ಮ ಧಾರವಾಡದಲ್ಲಿ ಆರಾಮವಾಗಿದ್ದಾರೆ. ಬಲಗಾಲಿನ ಎರಡು ಬೆರಳುಗಳಿಗೆ ಇನ್ನೂ ಸ್ಪರ್ಶ ಬಂದಿಲ್ಲ, ಬರುವುದೂ ಇಲ್ಲವಂತೆ. ಎಡಗಾಲಿಗೆ ಅವತ್ತೂ ಏನೂ ಆಗಿರಲಿಲ್ಲ. ಒಂದೇ ಜೊತೆ ಬೂಟು, ಒಂದೇ ಹಿಮ, ಹೀಗೇಕೆ ಎಂದು ಆಸ್ಪತ್ರೆಯವರೂ ಕೇಳಿದ್ದರು. ಇಷ್ಟು ದಿನ ಸುಮ್ಮನಿದ್ದ ತಾಯಿ ಅದರ ಹಿಂದಿನ ದಿನ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ, ಮಗಳಿಗೆ ಫೋನಿನಲ್ಲಿ ತಾವಾಗಿಯೇ ಹೇಳಿದರಂತೆ.

"ಅವ್ವಗ ವಯಸ್ಸಾತ್ರಿ ಸರ," ಎಂದಳು ಸುಮಾ. "ಎಡಗಾಲು ಹುಲ್ಲಿನ ಮ್ಯಾಲೆ ಇತ್ತು ಅಂತಾಳ."