ವೇದಿಕೆ ಬಿಟ್ಟು ಇಳಿದ ಕಂಡಕ್ಟರ್

ಫೆಬ್ರವರಿಯ ಎರಡನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಬಸವನ ಬಾಗೇವಾಡಿಯ ನಮ್ಮ ಕಾಲೇಜಿನ ಸಭಾಭವನ. ಹಾಜರಿದ್ದವರು ನಾನು, ಸಾಂಸ್ಕೃತಿಕ ವಿಭಾಗ ನೋಡಿಕೊಳ್ಳುವ ತರುಣ ಅಧ್ಯಾಪಕ, ಮತ್ತು ಗೊಳಸಂಗಿಯಿಂದ ಮೊದಲ ಬಸ್ಸಿಗೇ ಬಂದು ಕಟ್ಟೆಯ ಮೇಲೆ ಕೂತಿದ್ದ ಕೊನೆಯ ವರ್ಷದ ಒಬ್ಬ ಹುಡುಗಿ. ಎಂಟಕ್ಕೆ ಬನ್ನಿ ಎಂದು ಹೇಳಿಸಿಕೊಂಡಿದ್ದ ಉಳಿದವರು ಯಾರೂ ಬಂದಿರಲಿಲ್ಲ.

ನಾನು ಇದೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತಳಾದವಳು. ಆದರೂ ವರ್ಷಕ್ಕೊಮ್ಮೆ ಸುತ್ತಲಿನ ಕಾಲೇಜುಗಳ ವೇಷಭೂಷಣ ಮತ್ತು ಪ್ರತಿಭಾ ಸ್ಪರ್ಧೆ ಬಂತೆಂದರೆ ವೇದಿಕೆಯ ಶಿಸ್ತು ನೋಡಲು ನನ್ನನ್ನೇ ಕರೆಯುತ್ತಾರೆ. ಮರಾಠಿಯಲ್ಲಿ ಬೈಸಿಕೊಂಡು ಕನ್ನಡದಲ್ಲಿ ಓದಿ ಬೆಳೆದ ಮನೆ ನಮ್ಮದು. ಸ್ನಾನ, ಪೂಜೆ, ಊಟ, ಓದು ಎಲ್ಲಕ್ಕೂ ಹೊತ್ತು ಗೊತ್ತಿತ್ತು. ತಪ್ಪಿದವರಿಗೆ ತಣ್ಣಗಿನ ಅನ್ನ. ಹಾಗಾಗಿ ಯಾರು ಯಾವಾಗ ಪರದೆಯ ಹಿಂದೆ ನಿಲ್ಲಬೇಕು, ಯಾವಾಗ ಇಳಿಯಬೇಕು ಎಂಬುದನ್ನು ನಾನು ನಿಶ್ಚಯಿಸುತ್ತೇನೆ. ಗಂಟೆ ಬಾರಿಸುವುದೂ ನಾನೇ. ಒಬ್ಬೊಬ್ಬರಿಗೆ ಮೂರು ನಿಮಿಷ. ವೇದಿಕೆ ಬಿಟ್ಟು ಕೆಳಗಿಳಿದರೆ ಅನರ್ಹ. ಈ ಕೊನೆಯ ನಿಯಮ ನನ್ನದು. ಒಂದು ವರ್ಷ ದೆವ್ವದ ವೇಷದ ಹುಡುಗನೊಬ್ಬ ಪ್ರೇಕ್ಷಕರ ಮೇಲೆ ಹಾರಿ ಬೆಂಚು ಮುರಿದ ಮೇಲೆ ಅದನ್ನು ಸೇರಿಸಿದೆ.

ಕಟ್ಟೆಯ ಮೇಲಿನ ಹುಡುಗಿಯ ವಿಷಯ ಹೇಳಬೇಕು. ಮೊದಲ ವರ್ಷ ಆಕೆ ಹೆಸರು ಕೊಟ್ಟು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಸರದಿ ಬರುವ ಮೊದಲೇ ಬಸ್‌ಸ್ಟ್ಯಾಂಡಿಗೆ ಓಡಿಹೋಗಿದ್ದಳು. ಎರಡನೆಯ ವರ್ಷ ಪರದೆಯ ತನಕ ಬಂದು ಕಂಬ ಹಿಡಿದು ನಿಂತಳು, ಕಂಬ ಬಿಡಲಿಲ್ಲ. ಈ ಸಲ ಬಸ್ ಕಂಡಕ್ಟರ್ ಆಗುತ್ತೇನೆ ಎಂದಿದ್ದಳು. ದಿನಾ ಗೊಳಸಂಗಿಯಿಂದ ಓಡಾಡುವವಳು. ಹಿಂದಿನ ಸೀಟಿನಲ್ಲಿ ಕೂತು ಕಂಡಕ್ಟರನ ದನಿಯಲ್ಲಿ ಮಾತಾಡಿದರೆ ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ಆದರೆ ಯಾರಾದರೂ ತಿರುಗಿ ನೋಡಿದರೆ ಮುಗಿಯಿತು.

ಈ ಸಲ ಓಡಿಹೋಗುವಂತಿರಲಿಲ್ಲ. ಹಿಂದಿನ ವಾರ ಆಕೆಯ ತಂದೆ ನನ್ನ ಮನೆಗೆ ಬಂದಿದ್ದರು. ಹೊಲ ಇರುವ, ಲೆಕ್ಕದ ಮನುಷ್ಯ; ಕುರ್ಚಿಯ ಅಂಚಿನಲ್ಲಿ ಕೂತರು. ಮಗಳು ಬಿ.ಎಡ್. ಮಾಡಿ ಶಿಕ್ಷಕಿ ಆಗುತ್ತೇನೆ ಅನ್ನುತ್ತಿದ್ದಾಳೆ, ತಮಗೆ ಬೇಡವೆಂದೇನೂ ಇಲ್ಲ ಎಂದರು. ಆದರೆ ಅವರ ತಮ್ಮನ ಮಗಳೊಬ್ಬಳು ಹೀಗೇ ಓದಿ, ಮೊದಲ ದಿನ ತರಗತಿಯಲ್ಲಿ ಹುಡುಗರು ನಕ್ಕರೆಂದು ಅತ್ತು ಮನೆಗೆ ಬಂದವಳು ಮತ್ತೆ ಹೋಗಲೇ ಇಲ್ಲವಂತೆ.

“ನಾಕ ಮಂದಿ ಮುಂದ ಬಾಯಿ ಬರಲ್ದಾಕಿ ಸಾಲ್ಯಾಗ ಏನ್ ಕಲಸ್ತಾಳ್ರಿ ಅಕ್ಕಾರ?” ಎಂದು ಕೇಳಿದರು. “ಸ್ಟೇಜ್ ಮ್ಯಾಲ ನಿಂತ ಮಾತಾಡಿ ತೋರ್ಸು, ಕಳಸ್ತೇನಿ ಅಂದೇನಿ. ಇಲ್ಲಂದ್ರ ಇಲ್ಲ. ನಾನ ಬಂದ ನೋಡಾಂವ.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚಿಂತೆ ಹಚ್ಚಿತು. ಸಿಟ್ಟಾದರೆ ಇಳಿಯುತ್ತದೆ, ಯೋಚಿಸಿ ಆಡಿದ ಮಾತು ಇಳಿಯುವುದಿಲ್ಲ.

ಆ ವಾರವೆಲ್ಲ ಸಂಜೆ ಆಕೆಗೆ ತಾಲೀಮು ಮಾಡಿಸಿದೆ. ನನ್ನ ಪದ್ಧತಿ ಸರಳ. ವೇದಿಕೆಯ ನಡುವೆ ಸೀಮೆಸುಣ್ಣದಿಂದ ಗುರುತು ಹಾಕುವುದು, ಅಲ್ಲಿ ಎರಡೂ ಪಾದ ಊರುವುದು, ಉದ್ದ ಉಸಿರು ತೆಗೆದುಕೊಂಡು ಹಿಂದಿನ ಗೋಡೆಯ ಗಡಿಯಾರ ನೋಡುತ್ತ ಮಾತು ಶುರು ಮಾಡುವುದು. ಇದರಿಂದ ಎಷ್ಟೋ ಮಕ್ಕಳು ನಿಂತಿದ್ದಾರೆ. ಈಕೆಯೂ ಖಾಲಿ ಭವನದಲ್ಲಿ ಚೆನ್ನಾಗಿಯೇ ಮಾಡಿದಳು. ಮಾಡಿದ್ದು ಖಾಲಿ ಭವನದಲ್ಲಿ ಎಂಬುದು ಮಾತ್ರ ನನ್ನನ್ನು ಕೊರೆಯುತ್ತಿತ್ತು.

ಹತ್ತಕ್ಕೆ ಶುರುವಾಗಬೇಕಾದದ್ದು ಆಗಲಿಲ್ಲ. ಮುದ್ದೇಬಿಹಾಳದ ತಂಡದ ಬಸ್ಸು ಇನ್ನೂ ದಾರಿಯಲ್ಲಿತ್ತು. ಇಂಡಿ ಊರಿನ ಹುಡುಗಿ ನಿಂಬೆಹಣ್ಣಿನ ವ್ಯಾಪಾರಿಯ ವೇಷಕ್ಕೆಂದು ಬುಟ್ಟಿ ತುಂಬ ನಿಜವಾದ ನಿಂಬೆಹಣ್ಣು ತಂದಿದ್ದಳು. ಅವು ಮೆಟ್ಟಿಲ ಮೇಲೆ ಚೆಲ್ಲಿ ಎಲ್ಲರೂ ಆರಿಸಿದ್ದಾಯಿತು. ಸಿಂದಗಿಯ ಕಾಲೇಜಿನಿಂದ ಯಂಕಂಚಿಯ ಹುಡುಗನೊಬ್ಬ ರಟ್ಟಿನ ಎತ್ತುಗಳ ಜೊತೆ ರೈತನಾಗಿ ಬಂದಿದ್ದ; ಎತ್ತುಗಳು ಬಾಗಿಲಲ್ಲಿ ಹಿಡಿಸಲಿಲ್ಲ, ಕೊಂಬು ಬಿಚ್ಚಬೇಕಾಯಿತು. ಮೈಕು ಒಮ್ಮೆ ಕೂಗಿತು, ಒಮ್ಮೆ ಸುಮ್ಮನಾಯಿತು. ಕರೆಂಟ್ ಹೋಗಿ ಬಂತು. ನಾನು ಹಾಕಿದ ಸರದಿ ಮೂರು ಸಲ ಬದಲಾಯಿತು. ಪ್ರತಿ ಸಲವೂ ಗೊಳಸಂಗಿಯ ಹುಡುಗಿ ಇನ್ನಷ್ಟು ಹಿಂದೆ ಹೋದಳು. ಖಾಕಿ ಅಂಗಿ ತೊಟ್ಟು, ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು, ಆಕೆ ನೀರು ಕುಡಿಯಲು ಹೋಗುವುದು, ಬರುವುದು, ಮತ್ತೆ ಹೋಗುವುದು. ಕೂತಿರು ಎಂದೆ. ಕೂತಳು. ನಾನು ತಿರುಗುವಷ್ಟರಲ್ಲಿ ಮತ್ತೆ ಎದ್ದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಭವನ ತುಂಬಿತ್ತು. ಸ್ಪರ್ಧಿಗಳ ಮನೆಯವರು ಮುಂದಿನ ಸಾಲುಗಳಲ್ಲಿ, ಹುಡುಗರು ಹಿಂದೆ. ಆಕೆಯ ತಂದೆ ಬಂದು ಹಿಂದಿನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಕೂತುಕೊಳ್ಳಿ ಎಂದು ಯಾರೋ ಹೇಳಿದರೂ ಕೂರಲಿಲ್ಲ.

ಕೊನೆಗೂ ಆಕೆಯ ಹೆಸರು ಕೂಗಿದರು. ವೇದಿಕೆಗೆ ಹೋದಳು. ಗುರುತಿನ ಮೇಲೆ ಪಾದ ಊರಿದಳು. ಸೀಟಿ ಊದಿದಳು, ಜೋರಾಗಿಯೇ. ನಾನು ಗಡಿಯಾರ ನೋಡಿಕೊಂಡೆ. ಆಮೇಲೆ ಏನೂ ಇಲ್ಲ.

ಬಾಯಿ ತೆರೆದೇ ಇತ್ತು. ಕಣ್ಣು ಗೋಡೆಯ ಮೇಲಿರಲಿಲ್ಲ. ಮುಖಗಳ ಮೇಲೆ ಒಂದರಿಂದ ಒಂದಕ್ಕೆ ಹಾರುತ್ತಿತ್ತು. ಹಿಂದಿನಿಂದ ಒಬ್ಬ ಕೂಗಿದ: “ಬಸ್ ಕೆಟ್ಟೈತಿ, ಇಳದ ನೂಕ್ರೋ!” ಭವನವೆಲ್ಲ ನಕ್ಕಿತು. ಆಕೆಯ ಕೈ ಚೀಲದ ಪಟ್ಟಿಯನ್ನು ತಿರುಚುತ್ತಿತ್ತು. ಬಾಗಿಲಲ್ಲಿದ್ದ ತಂದೆ ನೆಲ ನೋಡಿದರು. ನಾನು ಪರದೆಯ ಪಕ್ಕದಿಂದ ಉಸಿರು, ಉಸಿರು ಎಂದು ಪಿಸುಗುಟ್ಟಿದೆ. ಆಕೆಗೆ ಕೇಳಿಸಲಿಲ್ಲ.

ಆಗ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದರು. ಮುಳವಾಡದವರು, ಮೊಮ್ಮಗಳ ಕುಣಿತ ನೋಡಲು ಬಂದವರು. ಕುಣಿತ ಮುಗಿದ ಮೇಲೆ ಅಲ್ಲೇ ತೂಕಡಿಸಿದ್ದರು. ಸೀಟಿಯ ಸದ್ದಿಗೆ ಎಚ್ಚರಾಗಿ ಕಣ್ಣು ಬಿಟ್ಟರೆ ಎದುರಿಗೆ ಖಾಕಿ ಅಂಗಿ, ಹೆಗಲಲ್ಲಿ ಚೀಲ. ನಮ್ಮ ಕಡೆಯ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಉಚಿತವಾದಾಗಿನಿಂದ ಕಂಡಕ್ಟರ್ ಕಂಡರೆ ಕೈ ತಾನಾಗಿ ಕಾರ್ಡಿಗೆ ಹೋಗುತ್ತದೆ. ಅಜ್ಜಿ ಸೊಂಟದ ಚಂಚಿಯಿಂದ ಒಂದು ಕಾರ್ಡು ತೆಗೆದು ವೇದಿಕೆಯ ಕಡೆ ಚಾಚಿದರು.

“ಮುಳವಾಡ ಒಂದ್ ಕೊಡವಾ ತಂಗಿ.”

ನಗು ಇನ್ನೂ ಜೋರಾಯಿತು. ಅಜ್ಜಿಗೆ ಅರ್ಥವಾಗಲಿಲ್ಲ, ಕೈ ಚಾಚಿಕೊಂಡೇ ನಿಂತರು. ಹುಡುಗಿ ಆ ಕೈ ನೋಡಿದಳು. ಗುರುತಿನಿಂದ ಪಾದ ಎತ್ತಿದಳು. ಪಕ್ಕದ ಮೆಟ್ಟಿಲಿಳಿದು, ಅಜ್ಜಿಯ ಹತ್ತಿರ ಹೋಗಿ ಕಾರ್ಡು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು.

“ಇದು ರೇಷನ್ ಕಾರ್ಡ್ ಐತಿ ಅಜ್ಜಿ. ಆಧಾರ್ ತಗಿ.”

“ನಿನ್ನಿ ನಡೀತಲ್ಲವಾ?”

“ನಿನ್ನಿ ಬ್ಯಾರೆ ಕಂಡಕ್ಟರ್ ಇದ್ದಾ. ಇವತ್ತ ನಾ ಅದೇನಿ.”

ದನಿ ಭವನದ ಆ ತುದಿಗೆ ಮುಟ್ಟಿತು. ಮೈಕು ಮೇಲೆಯೇ ಉಳಿದಿತ್ತು. ನಗು ಈಗ ಬೇರೆ ತರಹದ್ದಾಗಿತ್ತು.

ತರುಣ ಅಧ್ಯಾಪಕ ನನ್ನ ಪಕ್ಕಕ್ಕೆ ಬಂದು, ಇಳಿದುಬಿಟ್ಟಳು, ಗಂಟೆ ಬಾರಿಸಿ ಎಂದ. ಅವನು ಹೇಳಿದ್ದು ನಿಯಮದ ಮಾತೇ. ಆದರೆ ಗಂಟೆ ಇರುವುದು ಹೊತ್ತಿಗೆ. ಇಳಿದದ್ದಕ್ಕೆ ಅನರ್ಹಗೊಳಿಸುವವರು ತೀರ್ಪುಗಾರರು. ಹೊತ್ತು ಇನ್ನೂ ಇತ್ತು. ಹಾಗೆಂದು ಅವನಿಗೆ ಹೇಳಿ ಕೈ ಕಟ್ಟಿಕೊಂಡೆ.

ಆಕೆ ನಡುವಿನ ಹಾದಿಯಲ್ಲಿ ಹೊರಟಳು, ಬಸ್ಸಿನಲ್ಲಿ ಹೋಗುವ ಹಾಗೆ ಪಕ್ಕಕ್ಕೆ ತಿರುಗಿ, ಬೆಂಚಿನ ಬೆನ್ನಿಗೆ ಸೊಂಟ ತಾಗಿಸುತ್ತ. ಇಂಡಿಯವರು, ಸಿಂದಗಿಯವರು, ಮುದ್ದೇಬಿಹಾಳದವರು ಯಾರೇ ಆಗಲಿ, ಗಂಡಸಾದರೆ ಟಿಕೆಟ್ ತೆಗೆಯಲೇಬೇಕು ಎಂದಳು. ಯಂಕಂಚಿಯ ರೈತನಿಗೆ ಎತ್ತಿಗೆ ಅರ್ಧ ಟಿಕೆಟ್ ಎಂದಳು. ಕೂಗಿದ್ದ ಹುಡುಗನ ಮುಂದೆ ನಿಂತು, “ಬಸ್ ಕೆಟ್ಟೈತಿ ಅಂದಾಂವ ನೀನೇನು? ಇಳಿ, ನೂಕು,” ಎಂದಾಗ ಅವನು ನಿಜವಾಗಿಯೂ ಅರ್ಧ ಎದ್ದ. ಹೋಗುತ್ತ ಹೋಗುತ್ತ ಹಿಂದಿನ ಬಾಗಿಲಿಗೆ ಬಂದಳು. ಅಲ್ಲಿ ತಂದೆ. ಒಂದು ಕ್ಷಣ ಆಕೆ ಹೊರಗೆ ಹೋಗಿಯೇಬಿಡುತ್ತಾಳೆ ಎಂದುಕೊಂಡೆ. ಬಾಗಿಲ ಆಚೆ ರಸ್ತೆ, ರಸ್ತೆಯ ಆಚೆ ಬಸ್‌ಸ್ಟ್ಯಾಂಡ್.

“ಬಾಗಲದಾಗ ನಿಂದರಬ್ಯಾಡ್ರಿ ಯಜಮಾನ್ರ,” ಎಂದಳು. “ಒಳಗ ಬಂದ ಕುಂದರ್ರಿ.”

ಅವರು ಬಂದರು. ಕೂತರು.

ಆಕೆ ತಿರುಗಿದಳು. ಬಂದ ಹಾದಿಯಲ್ಲೇ ವಾಪಸು ನಡೆದು ವೇದಿಕೆ ಹತ್ತಿದಳು. ಯಾರೂ ಹತ್ತು ಎಂದಿರಲಿಲ್ಲ. ಮೇಲೆ ನಿಂತು ಜನರನ್ನು ಎದುರಿಸಿದಾಗ ದನಿ ಮತ್ತೆ ಸಣ್ಣದಾಯಿತು, ನಡುಗಿತು ಕೂಡ. ಒಂದು ಮಾತು ಮರೆತು ನಿಂತಳು. ಚೀಲದ ಪಟ್ಟಿ ಹಿಡಿದಳು. ಆದರೆ ಕೆಳಗಿದ್ದವರು ಆಗಲೇ ಆಕೆಯ ಪ್ರಯಾಣಿಕರಾಗಿದ್ದರು. ಅಜ್ಜಿ ಇನ್ನೂ ಆಧಾರ್ ಹುಡುಕುತ್ತಿದ್ದರು. ಆಕೆ ಮುಂದಿನ ಸ್ಟಾಪುಗಳನ್ನು ಒಂದೊಂದಾಗಿ ಕೂಗಿ, ಇಳಿಯುವವರು ಮೊದಲೇ ಏಳಿರಿ ಎಂದು ಗದರಿಸಿ, ಮುಗಿಸಿದಳು. ಹೊತ್ತಾಗಿತ್ತು. ಗಂಟೆ ಬಾರಿಸಿದೆ.

ತೀರ್ಪುಗಾರರು ಕೇಳಿದರು, ನಾನು ನಿಯಮ ಹೇಳಿದೆ. ಆಕೆ ಅನರ್ಹಳಾದಳು. ಮೊದಲ ಬಹುಮಾನ ಇಂಡಿಯ ನಿಂಬೆಹಣ್ಣಿನ ಹುಡುಗಿಗೆ ಹೋಯಿತು. ಕಂಡಕ್ಟರ್ ಬಂದು ನನ್ನ ಮುಂದೆ ಮುಖ ಊದಿಸಿಕೊಂಡು ನಿಂತಳು. ತನಗೆ ಎರಡನೆಯದಾದರೂ ಬರಬೇಕಿತ್ತು, ಆ ನಿಯಮವೇ ಸರಿಯಿಲ್ಲ ಎಂದು ವಾದಿಸಿದಳು. ಬೆಳಿಗ್ಗೆ ನೀರು ಕುಡಿಯಲು ಓಡುತ್ತಿದ್ದವಳು ಈಗ ನನ್ನ ಜೊತೆ ಜಗಳಕ್ಕೆ ನಿಂತಿದ್ದಳು. ನಿಯಮ ನಿಯಮವೇ ಎಂದು ಹೇಳಿ ಬಣ್ಣ ತೊಳೆದುಕೋ ಎಂದು ಕಳಿಸಿದೆ.

ತಂದೆ ಹಿಂದೆಯೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಕೆಳಗ ಇಳದದ್ದು ತಪ್ಪೇನ್ರಿ ಅಕ್ಕಾರ?”

“ಸ್ಪರ್ಧಾದಾಗ ತಪ್ಪು.”

“ಸಾಲ್ಯಾಗ?”

“ಸಾಲ್ಯಾಗ ಹುಡುಗರ ನಡಕ ಅಡ್ಡಾಡಿ ಕಲಸಬೇಕ್ರಿ. ಕುರ್ಚಿ ಹಿಡದ ನಿಂತಾಕಿ ಏನ್ ಕಲಸ್ತಾಳು?”

ಮೊದಲು ಮಗಳ ಬಾಯಿ ಕಟ್ಟಿದ್ದು ನಿಜ, ಅದನ್ನು ತಾವು ನೋಡಿದ್ದಾಗಿ ಅವರು ಹೇಳಿದರು. ನೋಡಿದ್ದೀರಿ, ಮುಂದೆಯೂ ಕಟ್ಟುತ್ತದೆ ಎಂದೆ. ಸುಳ್ಳು ಭರವಸೆ ಕೊಡುವುದು ನನಗೆ ಆಗುವುದಿಲ್ಲ. ಅವರು ತಲೆಯಾಡಿಸಿದರು.

“ಬಾಯಿ ಕಟ್ತು, ಖರೆ. ಓಡಲಿಲ್ಲ.” ಆಮೇಲೆ ಬಿ.ಎಡ್.ಗೆ ವಿಜಯಪುರದಲ್ಲಿ ಹಾಕಬೇಕೋ ಇಲ್ಲೇ ಹತ್ತಿರದಲ್ಲೋ, ಹಾಸ್ಟೆಲ್ ಊಟ ಹೇಗಿರುತ್ತದೆ ಎಂದು ವಿಚಾರಿಸತೊಡಗಿದರು. ನನಗೆ ಬೆಂಚು ಎತ್ತಿಡಿಸುವ ಅವಸರವಿತ್ತು. ಮಾತಾಡುತ್ತ ಅವರೇ ಒಂದು ತುದಿ ಹಿಡಿದರು, ಅಧ್ಯಾಪಕ ಇನ್ನೊಂದು ತುದಿ. ಮಗಳು ಮುಖ ಒರೆಸಿಕೊಳ್ಳುತ್ತ ಬಂದಾಗ, ಕೊನೆಯ ಬಸ್ಸಿಗೆ ಹೊತ್ತಾಯಿತು, ನಡಿ ಎಂದು ಅವರು ಮುಂದೆ ನಡೆದರು. ದಾರಿಯುದ್ದಕ್ಕೂ ಆಕೆ ಬಹುಮಾನದ ವಿಷಯ ಬಿಡಲಿಲ್ಲ ಎಂದು ಆಮೇಲೆ ಕೇಳಿದೆ.

ಬೆಂಚುಗಳೆಲ್ಲ ಗೋಡೆಗೆ ಸೇರಿದವು. ಕಸ ಗುಡಿಸಿಸಿದೆ. ಬೆಂಚಿನ ಕೆಳಗೆ ಉಳಿದಿದ್ದ ನಿಂಬೆಹಣ್ಣುಗಳನ್ನು ಕ್ಯಾಂಟೀನಿಗೆ ಕೊಡಿಸಿದೆ. ದೀಪ ಆರಿಸಿ, ಹಿಂದಿನ ಬಾಗಿಲ ಚಿಲಕ ಹಾಕಿ, ಮುಂದಿನ ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟೆ.