ಮೆನುವಿನಿಂದ ಹೋದ ಮೂರನೆಯ ಸಾಲು

ಕಂಪ್ಯೂಟರ್ ಚಾಲೂ ಮಾಡುವ ಮುನ್ನ ಗೌರಕ್ಕ ಅದರ ಡಬ್ಬಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಯಾರದೀರಿ ಒಳಗ? ಏಳ್ರಿ!" ಎನ್ನುತ್ತಿದ್ದಳು. ಕೊಟ್ಟೂರಿನಲ್ಲಿ ನಾವಿಬ್ಬರೂ ಸೇರಿ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಮಕ್ಕಳಿಗೆ ದಿನಾ ಅದೇ ನಗು. ಅಗಲ ಹಣೆ, ಎಣ್ಣೆ ಒತ್ತಿ ಬಿಗಿದ ಜಡೆ, ಬೀದಿಯ ಆ ತುದಿಗೂ ಮುಟ್ಟುವ ದನಿ. ಹಿಂದಿ ಟೀಚರಾಗಲು ಹೊರಟವಳು ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ ಲಿನಕ್ಸಿನ ಹುಚ್ಚು ಹತ್ತಿಸಿಕೊಂಡು, ನನಗೂ ಹತ್ತಿಸಿದಳು.

ನಮ್ಮಲ್ಲಿದ್ದ ಒಂದೇ ಒಳ್ಳೆಯ ಯಂತ್ರದಲ್ಲಿ ಮೂರು ಲಿನಕ್ಸ್ ಹಾಕಿದಳು: ಮಕ್ಕಳಿಗೊಂದು, ತನಗೊಂದು, ನನಗೊಂದು.

"ನೋಡ್ ತಂಗಿ, ಒಂದ ವಠಾರ, ಮೂರು ಮನಿ. ಬಾಗಿಲಾಗ ನಿಂತು 'ಯಾರ ಮನಿಗೆ ಹೋಗ್ಬೇಕ್ರಿ' ಅಂತ ಕೇಳಾಂವ ಬೂಟ್ ಲೋಡರ್. ಅವಗ ಹೆಸರು ಬರದು ಕೊಡೋರು ನಾವು."

ಯಂತ್ರ ಏಳುವಾಗ ಬರುವ ಆ ಹೆಸರುಗಳ ಮೆನುವಿನ ಮೂರನೆಯ ಸಾಲಿನಲ್ಲಿ ನನ್ನ ಹೆಸರನ್ನು ತಾನೇ ಟೈಪ್ ಮಾಡಿದಳು. ಒಮ್ಮೆ ಏನೋ ಕೆಟ್ಟು ಮೆನುವೇ ಬರದೆ ಕಪ್ಪು ಪರದೆ ಕಂಡು ನಾನು ಅತ್ತಾಗ, "ಹೆಸರು ಕಾಣಲಿಲ್ಲಂದ್ರ ಮನಿ ಬಿದ್ದೈತಿ ಅಂತಲ್ಲವ್ವಾ" ಎಂದು, ಒಂದೊಂದೇ ಆದೇಶವನ್ನು ನನ್ನ ಕೈಯಿಂದಲೇ ಹೊಡೆಸಿ ಎಬ್ಬಿಸಿದ್ದಳು.

ಆ ನನ್ನ ಮನೆಯೊಳಗೆ ಮಕ್ಕಳಿಗಾಗಿ ಕನ್ನಡದಲ್ಲಿ ಪಾಠ ಬರೆದಿಟ್ಟಿದ್ದೆ. ಫೈಲ್ ನಕಲು ಮಾಡುವುದೆಂದರೆ ನೆರೆಮನೆಗೆ ಹೆಪ್ಪು ಕೊಟ್ಟಂತೆ, ನಮ್ಮ ಮೊಸರು ಕಡಿಮೆಯಾಗುವುದಿಲ್ಲ: ಹೀಗೆ. ಗೌರಕ್ಕ ಪ್ರತಿ ಪಾಠವನ್ನೂ ಓದಿ ಬೆನ್ನು ತಟ್ಟುತ್ತಿದ್ದಳು. ನಾನು ಬೇರೆಲ್ಲೂ ಅವುಗಳ ಪ್ರತಿ ಇಟ್ಟಿರಲಿಲ್ಲ.

ತನ್ನ ಅಕ್ಕನ ಮನೆಗೆಂದು ಅವಳು ಹರಪನಹಳ್ಳಿಗೆ ಹೋದ ಮರುದಿನ ಬೆಳಿಗ್ಗೆ ಮೆನುವಿನಲ್ಲಿ ಎರಡೇ ಸಾಲುಗಳಿದ್ದವು. ಗಾಬರಿಯಾಗಿ ಫೋನ್ ಮಾಡಿದೆ.

"ಹಳೇ ಡಿಸ್ಕು ತಂಗಿ, ಆ ಭಾಗ ಕೆಟ್ಟಿರಬೇಕು. ಫಾರ್ಮ್ಯಾಟ್ ಮಾಡಿ ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊ."

"ಪಾಠ, ಗೌರಕ್ಕ?"

"ಹೋದುವು ಅಂತ ತಿಳಕೊ. ಮತ್ತ ಬರದ್ರಾತು."

ಫಾರ್ಮ್ಯಾಟ್ ಮಾಡಲು ಕೂತೆ, ಕೈ ಬರಲಿಲ್ಲ. ಕೊನೆಯ ಪ್ರಯತ್ನವೆಂದು, ಅವಳು ಕಲಿಸಿದ್ದ ಆದೇಶಗಳನ್ನೇ ಹೊಡೆದೆ. ನನ್ನ ಲಿನಕ್ಸ್ ಎದ್ದು ಬಂತು. ಒಂದು ಪಾಠವೂ ಹೋಗಿರಲಿಲ್ಲ. ಡಿಸ್ಕಿಗೆ ಏನೂ ಆಗಿರಲಿಲ್ಲ; ಯಾರೋ ಮೆನುವಿನಿಂದ ನನ್ನ ಸಾಲನ್ನಷ್ಟೇ ಅಳಿಸಿದ್ದರು. ಮೆನು ತಿದ್ದುವ ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ತಪ್ಪಿ ಆಗಿರಬಹುದೆಂದು ನನಗೆ ನಾನೇ ಹೇಳಿಕೊಂಡೆ.

ಅವಳು ಆಮೇಲೆ ಫೋನ್ ಎತ್ತಲಿಲ್ಲ, ತಿರುಗಿ ಬರಲೂ ಇಲ್ಲ. ಹರಪನಹಳ್ಳಿಯಲ್ಲಿ ಹೊಸ ಕ್ಲಾಸು ತೆರೆದಿದ್ದಾಳೆಂದು ಕೇಳಿ ಬಸ್ಸು ಹತ್ತಿದೆ. ಒಳಗೆ ಕಾಲಿಟ್ಟಾಗ ಗೋಡೆಯ ಪರದೆಯ ಮೇಲೆ ಹೆಪ್ಪಿನ ಪಾಠ ನಡೆದಿತ್ತು. ಕೆಳಗೆ, ಬರೆದವರು ಎಂಬಲ್ಲಿ ಅವಳ ಹೆಸರು.

ನನ್ನನ್ನು ಕಂಡು ಅವಳು ಪಾಠವನ್ನು ಅರ್ಧಕ್ಕೇ ಬಿಟ್ಟಳು. ಹೊರಗೆ ಕರೆದುಕೊಂಡು ಬಂದು ಮೆಲ್ಲಗೆ ಅಂದಳು, "ಹೆಪ್ಪು ಕೊಟ್ರ ಮೊಸರು ಕಡಿಮಿ ಆಗೂದಿಲ್ಲ ಅಂತ ನೀನ ಬರದೀಯಲ್ಲ."

"ಕೇಳಿದ್ರ ಕೊಡ್ತಿದ್ದೆ, ಗೌರಕ್ಕ. ನನ್ನ ಗಡಿಗಿ ನನ್ನ ಕೈಲೇ ಒಡಿ ಅಂತ ಯಾಕ ಹೇಳಿದಿ?"

ಅವಳು ಸೆರಗು ಸರಿಮಾಡಿಕೊಂಡಳು, ಎದುರಿನ ಹೋಟೆಲಿನತ್ತ ತಿರುಗಿ ಕೂಗಿದಳು: "ಎರಡು ಚಾ ಕಳಸ್ರಿ, ಒಂದಕ್ಕ ಸಕ್ರಿ ಬ್ಯಾಡ."

ಸಕ್ಕರೆ ಹಾಕದ ಚಾ ಕುಡಿಯುತ್ತಿದ್ದದ್ದು ನಾನು. ಚಾ ಬರುವ ಮೊದಲೇ ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದೆ.